ಅಣ್ಣನ ಗಿಟಾರಿನ ನೆಕ್ ಕೆತ್ತಿಸಲೇ?

ಪ್ರಶ್ನೆ: ನಾನು ಸಾಗರದವಳು, ವಯಸ್ಸು 27. ಹಗಲು ಶಾಲೆಯಲ್ಲಿ ಪಾಠ, ಸೀಸನ್ ಬಂದರೆ ರಸಮಂಜರಿ ತಂಡದಲ್ಲಿ ಗಿಟಾರ್. ನುಡಿಸುವುದು ಅಣ್ಣನ ಎಲೆಕ್ಟ್ರಿಕ್ ಗಿಟಾರ್, ಸ್ಟ್ರಾಟೋಕಾಸ್ಟರ್ ಮಾದರಿಯದು. ನಾಲ್ಕು ವರ್ಷದ ಹಿಂದೆ ಜರ್ಮನಿಗೆ ಹೋಗುವಾಗ "ನೀನೇ ಇಟ್ಕೊ" ಅಂದು ಹೋದ. ಕೊಟ್ಟದ್ದೋ, ಇಟ್ಟು ಹೋದದ್ದೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ.

ಅದರ ನೆಕ್ ನನ್ನ ಕೈಗೆ ದಪ್ಪ. ಎಫ್ ಕಾರ್ಡ್ ಹಿಡಿದರೆ ಒಂದೆರಡು ತಂತಿ ಸತ್ತ ಹಾಗೆ ಕೇಳುತ್ತದೆ. ಕಾರ್ಯಕ್ರಮದ ಎರಡನೇ ಗಂಟೆ ಹೊತ್ತಿಗೆ ಅಂಗೈ ನೆಕ್‌ಗೆ ಅಂಟತೊಡಗುತ್ತದೆ. ಮನೆಗೆ ಬಂದ ಮೇಲೆ ಹೆಬ್ಬೆರಳಿನ ಬುಡ ನೋಯುತ್ತದೆ. ಕಲಿಸಿದ ಸರ್ ಕೇಳಿದರೆ "ಗಿಟಾರ್ ದಪ್ಪ ಇಲ್ಲಮ್ಮ, ನಿನ್ನ ಪ್ರಾಕ್ಟೀಸ್ ತೆಳು" ಅನ್ನುತ್ತಾರೆ. ಪಕ್ಕದ ಬೀದಿಯಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರ ಮಾವ ಒಬ್ಬರಿದ್ದಾರೆ. "ತಂದು ಕೊಡು, ಅರ್ಧ ದಿನದ ಕೆಲಸ, ಸಪೂರ ಮಾಡಿ ಕೊಡ್ತೆ" ಅಂದಿದ್ದಾರೆ. ಕೊಡಲೇ? ಫ್ರೆಟ್‌ಗಳ ನಡುವೆ ಗುಳಿ ತೋಡಿಸಿದರೆ ಬೆರಳಿಗೆ ಹಗುರ ಅಂತ ಒಂದು ವಿಡಿಯೊದಲ್ಲಿ ನೋಡಿದೆ, ಅದನ್ನೂ ಮಾಡಿಸಲೇ? ಅಣ್ಣನಿಗೆ ಹೇಳಬೇಕೇ? ನೆಕ್‌ನ ಹಿಂಬದಿಯ ಫೋಟೊ ಇಟ್ಟಿದ್ದೇನೆ.

— ಹೆಸರು ಬೇಡ, ಸಾಗರ

ಉತ್ತರ: ಗುಡಿಗಾರ ಮಾವನ ಕೈಗೆ ಗಿಟಾರನ್ನು ಈಗಲೇ ಕೊಡಬೇಡಿ. ಅವರ ಕೈಚಳಕದ ಮೇಲೆ ಅನುಮಾನವಿದ್ದು ಹೇಳುತ್ತಿಲ್ಲ. ಗಂಧದ ತುಂಡಿನಲ್ಲಿ ಬಳ್ಳಿ ಬಿಡಿಸುವವರಿಗೆ ಮೇಪಲ್ ಕೋಲೊಂದನ್ನು ಸಪೂರ ಮಾಡುವುದು ಯಾವ ಲೆಕ್ಕ. ಆದರೆ ನಿಮ್ಮ ಪತ್ರದಲ್ಲಿ ಇರುವುದು ಮೂರು ಬೇರೆ ಬೇರೆ ದೂರು. ಮೂರಕ್ಕೂ ನೀವು 'ದಪ್ಪ' ಎಂದು ಒಂದೇ ಹೆಸರಿಟ್ಟಿದ್ದೀರಿ. ಎಫ್ ಕಾರ್ಡಿನಲ್ಲಿ ತಂತಿ ಸಾಯುವುದಕ್ಕೂ ಅಂಗೈ ಅಂಟುವುದಕ್ಕೂ ನೆಕ್ ದಪ್ಪವಿರುವುದಕ್ಕೂ ಹೆಚ್ಚು ಸಂಬಂಧವಿಲ್ಲ. ಹೆಬ್ಬೆರಳಿನ ನೋವಿಗೆ ಇದ್ದರೂ ಇರಬಹುದು, ಅದನ್ನು ಕೊನೆಗೆ ನೋಡೋಣ. ಕೆತ್ತಿದ ಮರ ಮತ್ತೆ ಬೆಳೆಯುವುದಿಲ್ಲವಾದ್ದರಿಂದ, ವಾಪಸ್ ಮಾಡಬಹುದಾದ ಕೆಲಸಗಳೆಲ್ಲ ಮೊದಲು ಆಗಲಿ.

ಎಫ್‌ನಿಂದಲೇ ಶುರು ಮಾಡಿ. ಅದೇ ಆಕಾರವನ್ನು ಹಾಗೇ ಮೂರನೇ ಫ್ರೆಟ್‌ಗೆ ಜರುಗಿಸಿ ಜಿ ಕಾರ್ಡ್ ನುಡಿಸಿ ನೋಡಿ. ಅಲ್ಲಿ ಆರೂ ತಂತಿ ಸಲೀಸಾಗಿ ಬಂದರೆ ತಪ್ಪು ನಿಮ್ಮ ಅಭ್ಯಾಸದ್ದೂ ಅಲ್ಲ, ನೆಕ್‌ನದೂ ಅಲ್ಲ, ನಟ್‌ನದು. ತಲೆಯ ಬಳಿ ತಂತಿಗಳು ಹಾದುಹೋಗುವ ಆ ಬಿಳಿ ಪಟ್ಟಿಯ ಕಚ್ಚುಗಳು ಸಾಕಷ್ಟು ಆಳವಿಲ್ಲದಿದ್ದರೆ, ಮೊದಲ ಫ್ರೆಟ್‌ನಲ್ಲಿ ತಂತಿ ಒತ್ತಲು ಬೇಕಾದ್ದಕ್ಕಿಂತ ಹೆಚ್ಚು ಬಲ ಹಾಕಬೇಕಾಗುತ್ತದೆ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಇದು ಮಾಮೂಲು. ಕಚ್ಚು ಆಳವಾಗಿ ತಂತಿ ಝರ್ ಎಂದರೆ ಕಂಪನಿಗೆ ಗಿಟಾರ್ ವಾಪಸ್ ಬರುತ್ತದೆ, ಎತ್ತರವಾಗಿಯೇ ಬಿಟ್ಟರೆ ಬರುವುದಿಲ್ಲ. ಹೊಸದಾಗಿ ಕೊಂಡವರು ನಿಮ್ಮ ಹಾಗೆ ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ. ಇನ್ನೂ ಖಚಿತವಾಗಬೇಕಿದ್ದರೆ, ಒಂದೊಂದೇ ತಂತಿಯನ್ನು ಎರಡನೇ ಮತ್ತು ಮೂರನೇ ಫ್ರೆಟ್‌ಗಳ ನಡುವೆ ಒತ್ತಿ ಹಿಡಿದು, ಮೊದಲ ಫ್ರೆಟ್‌ನ ಮೇಲೆ ತಂತಿಯಡಿ ಎಷ್ಟು ಜಾಗವಿದೆ ಎಂದು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಸಂದಿ ಕಂಡರೆ ಸರಿಯಿದೆ. ಕಾಗದವನ್ನು ಮಡಿಸಿ ತೂರಿಸುವಷ್ಟಿದ್ದರೆ ಕಚ್ಚು ಆಳ ಮಾಡಿಸಬೇಕು. ಇದನ್ನು ಮನೆಯಲ್ಲಿ ಮಾಡಬೇಡಿ. ತಂತಿಯ ದಪ್ಪಕ್ಕೆ ತಕ್ಕ ಸಣ್ಣ ಅರಗಳು ಬೇಕು, ಒಂದು ಸಲ ಹೆಚ್ಚು ಉಜ್ಜಿದರೆ ನಟ್ ಅನ್ನೇ ಬದಲಿಸಬೇಕು. ಗಿಟಾರ್ ರಿಪೇರಿ ಮಾಡುವವರಿಗೆ ಇದು ಸಣ್ಣ ಕೆಲಸ.

ಅವರ ಬಳಿ ಹೋದಾಗಲೇ ನೆಕ್‌ನ ಬಾಗು ಮತ್ತು ತಂತಿಯ ಎತ್ತರವನ್ನೂ ಸರಿ ಮಾಡಿಸಿಬಿಡಿ. ಮೊದಲ ಫ್ರೆಟ್‌ನಲ್ಲಿ ಕೇಪೋ ಹಾಕಿ, ದಪ್ಪ ತಂತಿಯನ್ನು ದೇಹಕ್ಕೆ ನೆಕ್ ಸೇರುವ ಕಡೆ ಒತ್ತಿದಾಗ, ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ 0.2ರಿಂದ 0.3 ಮಿ.ಮೀ. ಜಾಗ ಇರಬೇಕು. ಹನ್ನೆರಡನೇ ಫ್ರೆಟ್ ಮೇಲೆ ತಂತಿಯ ಎತ್ತರ ದಪ್ಪ ತಂತಿಗೆ 2 ಮಿ.ಮೀ., ಸಣ್ಣ ತಂತಿಗೆ ಒಂದೂವರೆಯ ಆಸುಪಾಸು ಇದ್ದರೆ ಹೆಚ್ಚಿನವರ ಕೈಗೆ ಹಿತ. ನಿಮ್ಮ ಗಿಟಾರ್ ನಾಲ್ಕು ವರ್ಷ ಸಾಗರದ ಮಳೆಗಾಲವನ್ನೂ ಅದರ ಬೆನ್ನಿಗೇ ಬರುವ ಬೇಸಗೆಯನ್ನೂ ಕಂಡಿದೆ. ಅದರ ನೆಕ್ ಇನ್ನೂ ಅಂಗಡಿಯಿಂದ ತಂದ ದಿನದಷ್ಟೇ ನೇರವಾಗಿದ್ದರೆ ನನಗೆ ಆಶ್ಚರ್ಯ.

ತಂತಿ ಯಾವ ಅಳತೆಯದೆಂದು ನೀವು ಬರೆದಿಲ್ಲ. ಅಣ್ಣ ಹಾಕಿದ್ದು 10-46 ಸೆಟ್ ಆಗಿದ್ದರೆ, ಅದನ್ನು ತೆಗೆದು 9-42 ಹಾಕಿ. ಈ ಅಳತೆಯ ಗಿಟಾರಿನಲ್ಲಿ ಮೊದಲನೆಯದರ ಆರು ತಂತಿಗಳೂ ಸೇರಿ ಎಳೆಯುವ ಭಾರ ಸುಮಾರು 47 ಕೆಜಿ, ಎರಡನೆಯದರದು 39ರ ಹತ್ತಿರ. ಬೆರಳಿಗೆ ಈ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಎಳೆತ ಕಡಿಮೆಯಾದಾಗ ನೆಕ್ ಹಿಂದಕ್ಕೆ ವಾಲುತ್ತದೆ, ಬ್ರಿಡ್ಜ್‌ನ ಹಿಂದಿನ ಸ್ಪ್ರಿಂಗ್‌ಗಳೂ ಬ್ರಿಡ್ಜನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಹಾಗಾಗಿ ಮೊದಲು ತಂತಿ ಬದಲಾಗಲಿ, ಆಮೇಲೆ ಉಳಿದ ಹೊಂದಾಣಿಕೆ.

ಇನ್ನು ಅಂಗೈ ಅಂಟುವುದು. ಫೋಟೊದಲ್ಲಿ ನೆಕ್‌ನ ಹಿಂಬದಿ ಕನ್ನಡಿಯಂತೆ ಹೊಳೆಯುತ್ತಿದೆ, ಟ್ಯೂಬ್‌ಲೈಟಿನ ಗೆರೆ ಕೂಡ ಅದರ ಮೇಲೆ ಬಿದ್ದಿದೆ. ಅದು ದಪ್ಪನೆಯ ಹೊಳಪು ವಾರ್ನಿಷ್. ಬೆವತ ಕೈ ಅದರ ಮೇಲೆ ಜಾರುವುದಿಲ್ಲ, ಹಿಡಿದುಕೊಳ್ಳುತ್ತದೆ. ಕೈ ಜಾರದಿದ್ದಾಗ ನಾವು ಅರಿವಿಲ್ಲದೆ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತೇವೆ, ಆ ಬಿಗಿ ಹೆಬ್ಬೆರಳಿಗೆ ಹೋಗುತ್ತದೆ, ನೆಕ್ ದಪ್ಪ ಅನ್ನಿಸುತ್ತದೆ. ಇದನ್ನು ಪರೀಕ್ಷಿಸಲು ದುಡ್ಡು ಬೇಡ. ನಾಳೆ ಅಭ್ಯಾಸಕ್ಕೆ ಕೂರುವ ಮುಂಚೆ ಎಡ ಅಂಗೈಗೆ ಮತ್ತು ಹೆಬ್ಬೆರಳಿಗೆ ಚೂರು ಟಾಲ್ಕಂ ಪೌಡರ್ ಸವರಿಕೊಂಡು ಒಂದರ್ಧ ಗಂಟೆ ನುಡಿಸಿ. ನೆಕ್ 'ತೆಳ್ಳಗಾದ' ಹಾಗೆ ಅನ್ನಿಸಿದರೆ ನಿಮ್ಮ ರೋಗ ಅರ್ಧ ಪತ್ತೆಯಾದಂತೆ.

ಮದ್ದು ಸುಲಭ, ಇದನ್ನು ನೀವೇ ಮಾಡಬಹುದು. ತಂತಿ ಬಿಚ್ಚಿ. ಪಿಕಪ್‌ಗಳಿಗೂ ಫಿಂಗರ್‌ಬೋರ್ಡಿನ ಅಂಚಿಗೂ ಪೇಂಟರ್‌ಗಳು ಬಳಸುವ ಕಾಗದದ ಟೇಪ್ ಅಂಟಿಸಿ. ತಲೆ ಶುರುವಾಗುವ ಕಡೆ ಮತ್ತು ದೇಹಕ್ಕೆ ಸೇರುವ ಕಡೆ ಒಂದೊಂದು ಪಟ್ಟಿ ಟೇಪ್ ಅಡ್ಡಲಾಗಿ ಸುತ್ತಿ. ಕೆಲಸ ಆ ಎರಡು ಗಡಿಗಳ ನಡುವೆಯೇ ಇರಲಿ. 400ರ ಸ್ಯಾಂಡ್ ಪೇಪರಿನಿಂದ ನೆಕ್‌ನ ಉದ್ದಕ್ಕೆ, ಅಡ್ಡಕ್ಕೆ ಅಲ್ಲ, ಹಗುರವಾಗಿ ಉಜ್ಜುತ್ತ ಬನ್ನಿ. ಹೊಳಪು ಹೋಗಿ ಒಂದೇ ಸಮ ಮಂಕಾದ ಮೇಲೆ 800ರಿಂದ ಒಂದು ಕೈ. ಬೂದಿಬಣ್ಣದ ಸ್ಕಾಚ್-ಬ್ರೈಟ್ ಸಿಕ್ಕರೆ ಅದೂ ಆದೀತು. ಕೆಲವರು ಸ್ಟೀಲ್ ವುಲ್ ಹೇಳುತ್ತಾರೆ. ಅದರ ಪುಡಿ ಪಿಕಪ್‌ನ ಅಯಸ್ಕಾಂತಕ್ಕೆ ಹೋಗಿ ಅಂಟಿಕೊಂಡರೆ ತೆಗೆಯುವುದೇ ಒಂದು ತಲೆನೋವು, ನಿಮಗೆ ಬೇಡ. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ. ಇದರಲ್ಲಿ ವಾರ್ನಿಷ್ ಹೋಗುವುದಿಲ್ಲ, ಅದರ ಮೇಲ್ಮೈ ಮಾತ್ರ ಒರಟಾಗುತ್ತದೆ. ಕೆಲವು ತಿಂಗಳು ನುಡಿಸಿದಂತೆ ನಿಮ್ಮ ಕೈಯೇ ಅದನ್ನು ಮತ್ತೆ ನುಣುಪು ಮಾಡುತ್ತದೆ, ಆಗ ಇನ್ನೊಂದು ಸಲ ಉಜ್ಜಿದರಾಯಿತು. ಅಣ್ಣ ಬಂದು ಹೊಳಪೇ ಬೇಕು ಎಂದರೆ ಕಾರಿನ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಬಹುಪಾಲು ಮರಳುತ್ತದೆ.

ವಾರ್ನಿಷ್ ಪೂರ್ತಿ ತೆಗೆದು ಬರೀ ಮರ ಬಿಡಿ ಎಂಬ ಸಲಹೆಯೂ ನಿಮಗೆ ಬರುತ್ತದೆ, ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಬಳಿ ಅಂಥ ನೆಕ್ ಇತ್ತು ಎಂಬ ಉದಾಹರಣೆಯ ಸಮೇತ. ಇದ್ದದ್ದು ನಿಜ. ಅವರು ಆಗುಂಬೆ ಸೀಮೆಯ ಮಳೆಯಲ್ಲಿ ನುಡಿಸಲಿಲ್ಲ. ಬರೀ ಮೇಪಲ್ ಬೆವರನ್ನೂ ತೇವವನ್ನೂ ಕುಡಿಯುತ್ತದೆ, ಕಪ್ಪಾಗುತ್ತದೆ, ತಿಂಗಳಿಗೊಂದು ಥರ ಬಾಗುತ್ತದೆ. ತೆಗೆದರೆ ಟಂಗ್ ಎಣ್ಣೆಯನ್ನೋ ಬೇಯಿಸಿದ ಅಗಸೆ ಎಣ್ಣೆಯನ್ನೋ ತೆಳ್ಳಗೆ ಹಲವು ಸಲ ಹಚ್ಚಬೇಕು. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಗಿಸಬೇಕು. ಮಲೆನಾಡಿನವರಿಗೆ ನಾನು ಇದನ್ನು ಹೇಳುವುದಿಲ್ಲ. ವಾರ್ನಿಷ್ ಇರಲಿ, ಹೊಳಪು ಹೋಗಲಿ.

ಬೆರಳನ್ನು ನೆಕ್‌ನ ಪಕ್ಕದಲ್ಲಿ ಮೇಲಿಂದ ಕೆಳಗೆ ಎಳೆದಾಗ ಫ್ರೆಟ್‌ನ ತುದಿಗಳು ಚುಚ್ಚುತ್ತವೆಯೇ? ಹಾಗಿದ್ದರೆ ಬೇಸಗೆಯಲ್ಲಿ ಮರ ಕುಗ್ಗಿದೆ, ಲೋಹ ಕುಗ್ಗಿಲ್ಲ. ನಿಮ್ಮ ಫಿಂಗರ್‌ಬೋರ್ಡ್ ಕಂದು ಬಣ್ಣದ್ದು. ಅದು ಭಾರತದ ರೋಸ್‌ವುಡ್ ಆಗಿದ್ದರೆ ನಮ್ಮ ಕಾಡಿನ ಬೀಟೆಯ ಜಾತಿಯೇ. ಎಲ್ಲೆಲ್ಲಿಗೋ ಹೋಗಿ ಗಿಟಾರ್ ಆಗಿ ಮತ್ತೆ ಬೀಟೆಯ ಊರಿಗೇ ಬಂದಿದೆ. ತುದಿಗಳನ್ನು ಅರ ಹಾಕಿ ದುಂಡು ಮಾಡಿಸಿ, ಜೊತೆಗೆ ಫಿಂಗರ್‌ಬೋರ್ಡಿನ ಚೂಪು ಅಂಚನ್ನೂ ಸ್ವಲ್ಪ ಮೊಂಡು ಮಾಡಿಸಿ. ಹತ್ತಾರು ವರ್ಷ ನುಡಿಸಿದ ಹಳೆಯ ಗಿಟಾರ್ ಕೈಗೆ ಮೆತ್ತಗೆ ಕೂರುವುದಕ್ಕೆ ಅರ್ಧ ಕಾರಣ ಸವೆದ ಆ ಅಂಚು.

ಹೆಬ್ಬೆರಳಿನ ವಿಷಯಕ್ಕೆ ಬಂದರೆ, ನಿಮ್ಮ ಸರ್ ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ, ಅವರು ಹೇಳಿದ ರೀತಿಯಲ್ಲಿ ಅಲ್ಲ. ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಅಭ್ಯಾಸ, ವೇದಿಕೆಯಲ್ಲಿ ನಿಂತು ನುಡಿಸುವುದು. ಸ್ಟ್ರ್ಯಾಪ್ ಉದ್ದವಿದ್ದರೆ ಗಿಟಾರ್ ಸೊಂಟಕ್ಕಿಂತ ಕೆಳಗೆ ಇಳಿದು ಮಣಿಕಟ್ಟು ಮಡಚಿಕೊಳ್ಳುತ್ತದೆ. ಮಡಚಿದ ಮಣಿಕಟ್ಟಿನಲ್ಲಿ ಎಷ್ಟೇ ತೆಳ್ಳಗಿನ ನೆಕ್ ಕೊಟ್ಟರೂ ಎಫ್ ಹಿಡಿಯುವುದು ಕಷ್ಟ. ಕೂತಾಗ ಗಿಟಾರ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಷ್ಟು ಸ್ಟ್ರ್ಯಾಪ್ ಗಿಡ್ಡ ಮಾಡಿ, ತಲೆಯ ಭಾಗ ಸ್ವಲ್ಪ ಮೇಲಕ್ಕಿರಲಿ. ವೇದಿಕೆಯಲ್ಲಿ ಅದು ಅಷ್ಟು ಸ್ಟೈಲಾಗಿ ಕಾಣುವುದಿಲ್ಲ, ಪರವಾಗಿಲ್ಲ. ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರು, ನಡು ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಅಥವಾ ನುಡಿಸದ ದಿನವೂ ನೋವಿದ್ದರೆ, ಮೊದಲು ಮೂಳೆ ಡಾಕ್ಟರನ್ನು ಕಾಣಿ. ಅದು ಗಿಟಾರ್ ಬಿಚ್ಚಿ ವಾಸಿ ಮಾಡುವಂಥದ್ದಲ್ಲ.

ಇಷ್ಟೆಲ್ಲ ಆದ ಮೇಲೂ ದಪ್ಪ ಅನ್ನಿಸಿದರೆ ಆಗ ಅಳೆಯೋಣ. ಗುಡಿಗಾರ ಮಾವನ ಬಳಿ ಅಥವಾ ಯಾವುದಾದರೂ ಲೇತ್ ಅಂಗಡಿಯಲ್ಲಿ ವರ್ನಿಯರ್ ಇರುತ್ತದೆ. ಫಿಂಗರ್‌ಬೋರ್ಡ್‌ನಿಂದ ಹಿಂಬದಿಯವರೆಗೆ, ಮೊದಲ ಫ್ರೆಟ್ ಹತ್ತಿರ ಒಂದು, ಹನ್ನೆರಡನೇ ಫ್ರೆಟ್ ಹತ್ತಿರ ಒಂದು ಅಳತೆ ತೆಗೆಯಿರಿ. ಮೊದಲ ಕಡೆ 21, ಎರಡನೇ ಕಡೆ 23 ಮಿ.ಮೀ. ಆಸುಪಾಸು ಬಂದರೆ ಅದು ದಪ್ಪ ನೆಕ್ ಅಲ್ಲ, ಸರಾಸರಿಯದು. ತೀರಾ ತೆಳ್ಳಗಿನವು 19ಕ್ಕೂ ಇಳಿಯುತ್ತವೆ. ನಟ್ ಬಳಿ ಅಗಲವನ್ನೂ ನೋಡಿ, 42 ಅಥವಾ 43 ಇರುತ್ತದೆ. ಅದನ್ನು ಕೆತ್ತಿ ಕಡಿಮೆ ಮಾಡಲಾಗುವುದಿಲ್ಲ, ತಂತಿಗಳು ಅಂಚಿನಿಂದ ಜಾರಿ ಬೀಳುತ್ತವೆ.

ಆದರೆ ಕೈಗೆ ಗೊತ್ತಾಗುವುದು ಬರೀ ಈ ಅಂಕಿಯಲ್ಲ. ಒಂದೇ ದಪ್ಪದ ಎರಡು ನೆಕ್‌ಗಳಲ್ಲಿ ಒಂದು ಹಿತವಾಗಿಯೂ ಇನ್ನೊಂದು ದಿಮ್ಮಿಯಂತೆಯೂ ಅನ್ನಿಸುವುದು ಭುಜಗಳಿಂದ. ಫಿಂಗರ್‌ಬೋರ್ಡಿನ ಅಂಚಿನಿಂದ ಹಿಂಬದಿಯ ಬೆನ್ನಿಗೆ ಇಳಿಯುವ ಎರಡು ಇಳಿಜಾರುಗಳಿಗೆ ಭುಜ ಅನ್ನುತ್ತೇನೆ. ಅವು ಉಬ್ಬಿಕೊಂಡಿದ್ದರೆ ಕೈ ಸುತ್ತಬೇಕಾದ ದಾರಿ ದೂರವಾಗುತ್ತದೆ. ಸಣ್ಣ ತಂತಿಯ ಕಡೆಯ ಭುಜವನ್ನು ಅರ್ಧ ಮಿಲಿಮೀಟರ್ ಇಳಿಸಿದರೂ ತೋರುಬೆರಳಿನ ಬುಡ ಒಳಕ್ಕೆ ಕೂತು, ಬೆರಳು ದಪ್ಪ ತಂತಿಯವರೆಗೆ ಸಲೀಸಾಗಿ ತಲುಪುತ್ತದೆ. ನೆಕ್ ಸಪೂರ ಮಾಡಿಸುವುದೇ ಆದರೆ ಕೆಲಸ ಆಗಬೇಕಾದದ್ದು ಭುಜದಲ್ಲಿ, ಬೆನ್ನಿನಲ್ಲಿ ಅಲ್ಲ.

ಬೆನ್ನನ್ನು ಯಾಕೆ ಮುಟ್ಟಬಾರದು ಎನ್ನುವುದಕ್ಕೆ ನಿಮ್ಮ ಫೋಟೊದಲ್ಲೇ ಉತ್ತರವಿದೆ. ಹಿಂಬದಿಯ ನಡುವೆ ಉದ್ದಕ್ಕೂ ಒಂದು ಕಂದು ಪಟ್ಟಿ ಕಾಣುತ್ತದಲ್ಲ, ಅದು ಅಲಂಕಾರವಲ್ಲ. ಹಿಂದಿನಿಂದ ಗಾಡಿ ಕೊರೆದು, ಒಳಗೆ ಉಕ್ಕಿನ ಸಲಾಕೆ ಇಟ್ಟು, ಮೇಲೆ ಆ ಮರದ ಪಟ್ಟಿಯಿಂದ ಮುಚ್ಚಿದ್ದಾರೆ. ತಂತಿಗಳ ಎಳೆತಕ್ಕೆ ನೆಕ್ ಬಾಗದಂತೆ ಹಿಡಿಯುವ ಟ್ರಸ್ ರಾಡ್ ಅದು. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ 1923ರಲ್ಲಿ ಇದರ ಪೇಟೆಂಟ್ ಸಿಕ್ಕಿತು, ಇವತ್ತಿಗೂ ಉಪಾಯ ಅದೇ. ನಿಮ್ಮದರಂಥ ನೆಕ್‌ಗಳಲ್ಲಿ ಸಲಾಕೆಯನ್ನು ಸಾಮಾನ್ಯವಾಗಿ ಬಾಗಿಸಿ ಇಟ್ಟಿರುತ್ತಾರೆ. ಎರಡು ತುದಿಗಿಂತ ನಡುಭಾಗದಲ್ಲಿ ಅದು ಹಿಂಬದಿಗೆ ಹೆಚ್ಚು ಹತ್ತಿರ. ಗಂಧದಲ್ಲಿ ಉಳಿ ಆಡಿಸಿದ ಕೈಗೆ ಮರದೊಳಗೆ ಉಕ್ಕು ಇದೆ ಎಂದು ಹೊರಗಿನಿಂದ ಗೊತ್ತಾಗುವುದು ಹೇಗೆ? ಪಟ್ಟಿ ತೆಳುವಾಗಿ ಸಲಾಕೆ ಇಣುಕಿದರೆ ಆ ನೆಕ್ ಮುಗಿಯಿತು.

ಇನ್ನೊಂದು ಲೆಕ್ಕವೂ ಇದೆ. ಕೋಲಿನ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. 22 ಮಿ.ಮೀ. ನೆಕ್ ಅನ್ನು 20ಕ್ಕೆ ಇಳಿಸಿದರೆ ನೋಡಲು ಹೋದದ್ದು ಎರಡು ಮಿ.ಮೀ., ಮರದ ಬಿಗುವಿನಲ್ಲಿ ಹೋದದ್ದು ನಾಲ್ಕರಲ್ಲೊಂದು ಪಾಲು. ಆಮೇಲೆ ಆಷಾಢಕ್ಕೊಂದು ಶ್ರುತಿ, ಶಿವರಾತ್ರಿಗೊಂದು ಶ್ರುತಿ.

ಗುಳಿ ತೋಡಿಸುವ ಯೋಚನೆ ಬಿಟ್ಟುಬಿಡಿ. ರಿಚಿ ಬ್ಲ್ಯಾಕ್‌ಮೋರ್, ಇಂಗ್ವೀ ಮಾಮ್‌ಸ್ಟೀನ್ ಎಂಬ ರಾಕ್ ಗಿಟಾರ್ ವಾದಕರು ಅದಕ್ಕೆ ಹೆಸರಾದರು. 1988ರಿಂದ ಫೆಂಡರ್ ಕಂಪನಿಯೇ ಮಾಮ್‌ಸ್ಟೀನ್ ಹೆಸರಲ್ಲಿ ಗುಳಿಯ ಸ್ಟ್ರಾಟೋಕಾಸ್ಟರ್ ಮಾಡುತ್ತಿದೆ. ನಮಗೆ ಹತ್ತಿರದ ಉದಾಹರಣೆ ಜಾನ್ ಮೆಕ್‌ಲಾಫ್ಲಿನ್. ವೀಣೆ ಕಲಿತಿದ್ದ ಅವರು 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ 'ಶಕ್ತಿ' ತಂಡದಲ್ಲಿ ನುಡಿಸಿದ ಗಿಟಾರಿನ ಫಿಂಗರ್‌ಬೋರ್ಡಿಗೆ ಗುಳಿ ಇತ್ತು. ಅವರಿಗೆ ಬೇಕಿದ್ದದ್ದು ಗಮಕ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರದಲ್ಲಿ ಕೂತಿರುವುದರಿಂದ ಬೆರಳಿಗೆ ಮರ ತಾಗದೆ ತಂತಿಯನ್ನು ಪಕ್ಕಕ್ಕೆ ಎಳೆಯಬಹುದು; ಗಿಟಾರಿನಲ್ಲಿ ಅದನ್ನೇ ಗುಳಿ ತೋಡಿ ಪಡೆದರು. ನಿಮ್ಮ ರಸಮಂಜರಿಯಲ್ಲಿ ಹೆಚ್ಚಿನ ಹೊತ್ತು ಕಾರ್ಡ್ ಹಿಡಿಯುವ ಕೆಲಸ. ಗುಳಿಯಿರುವ ಕಡೆ ಎಫ್ ಅನ್ನು ಸ್ವಲ್ಪ ಜೋರಾಗಿ ಒತ್ತಿದರೂ ತಂತಿ ಒಳಕ್ಕೆ ಹೋಗಿ ಸ್ವರ ಏರುತ್ತದೆ, ಹಾಡುವವರು ತಿರುಗಿ ನಿಮ್ಮತ್ತ ನೋಡುತ್ತಾರೆ.

ಇನ್ನು ಅಣ್ಣ. ತಂತಿ, ನಟ್, ಸ್ಟ್ರ್ಯಾಪ್, ಹೊಳಪು ತೆಗೆಯುವುದು, ಇವಕ್ಕೆಲ್ಲ ಅವರನ್ನು ಕೇಳುವ ಅಗತ್ಯವಿಲ್ಲ. ನುಡಿಸುವವರ ಹಕ್ಕು ಅದು. ಮರಕ್ಕೆ ಅರ ಹಾಕುವ ಮುಂಚೆ ಕೇಳಲೇಬೇಕು. ಕೊಟ್ಟದ್ದೋ ಇಟ್ಟು ಹೋದದ್ದೋ ಎಂಬ ಪ್ರಶ್ನೆಯನ್ನು ನೀವು ನಾಲ್ಕು ವರ್ಷ ಕೇಳದೆ ಇಟ್ಟುಕೊಂಡಿದ್ದೀರಿ. ಅದಕ್ಕೆ ಉತ್ತರ ಗುಡಿಗಾರ ಮಾವನ ಅರದಿಂದ ಸಿಗುವುದು ಬೇಡ. ಫೋನಿನಲ್ಲಿ "ಅಣ್ಣಾ, ಗಿಟಾರ್ ನಂದಾ ನಿಂದಾ?" ಎಂದು ಕೇಳಿದರೆ "ಅಯ್ಯೋ, ನಿಂದೇ ಕಣೇ" ಎಂದುಬಿಡುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. "ನೆಕ್ ಕೆತ್ತಿಸ್ತೀನಿ, ಮತ್ತೆ ಮೊದಲಿನ ಹಾಗೆ ಆಗಲ್ಲ" ಎಂದು ಹೇಳಿ ನೋಡಿ. ಒಂದು ಕ್ಷಣ ತಡೆದು ಮಾತಾಡಿದರೆ ಅದು ಇಟ್ಟು ಹೋದದ್ದು.

ಹಾಗಿದ್ದರೂ ನಿಮಗೆ ದಾರಿಯಿದೆ, ನನಗಂತೂ ಎಲ್ಲಕ್ಕಿಂತ ಇಷ್ಟದ ದಾರಿ. ಲಿಯೋ ಫೆಂಡರ್ ಮೂಲತಃ ರೇಡಿಯೊ ರಿಪೇರಿಯವರು, ಗಿಟಾರ್ ನುಡಿಸಲು ಬಾರದವರು. ರಿಪೇರಿಯವರ ಬುದ್ಧಿಗೆ ತಕ್ಕಂತೆ ಅವರು 1950ರ ಸುಮಾರಿಗೆ ಮಾರುಕಟ್ಟೆಗೆ ಬಿಟ್ಟ ಗಿಟಾರ್‌ನಲ್ಲೂ 1954ರ ಸ್ಟ್ರಾಟೋಕಾಸ್ಟರ್‌ನಲ್ಲೂ ನೆಕ್ ಅನ್ನು ದೇಹಕ್ಕೆ ಅಂಟಿಸಲಿಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದರು. ಹಾಳಾದರೆ ಬಿಚ್ಚಿ ಬೇರೆ ಹಾಕಿಕೊಳ್ಳಿ ಎಂಬ ಲೆಕ್ಕ. ನಿಮ್ಮದೂ ಹಾಗೇ ಇದೆ. ಭುಜ ಇಳಿದ, ತೆಳ್ಳಗಿನ 'ಸಿ' ಆಕಾರದ, ಹೊಳಪಿಲ್ಲದ ನೆಕ್ ಒಂದನ್ನು ಬಿಡಿಯಾಗಿ ತರಿಸಿಕೊಳ್ಳಬಹುದು. ತರಿಸುವ ಮುಂಚೆ ಹಳೆಯದರ ಬುಡದ ಅಗಲ ಅಳೆಯಿರಿ, ಫೆಂಡರ್ ಅಳತೆಯಾದರೆ 56 ಮಿ.ಮೀ. ಹತ್ತಿರ ಇರುತ್ತದೆ. ಫ್ರೆಟ್‌ಗಳ ಸಂಖ್ಯೆ ಮತ್ತು ನಟ್‌ನಿಂದ ಬ್ರಿಡ್ಜ್‌ಗೆ ಇರುವ 648 ಮಿ.ಮೀ. ಅಳತೆಯೂ ಹೊಂದಬೇಕು, ಇಲ್ಲದಿದ್ದರೆ ಶ್ರುತಿ ಕೂರುವುದಿಲ್ಲ. ಸ್ಕ್ರೂ ತೂತುಗಳು ಹೊಂದದಿದ್ದರೆ ಹೊಸದಾಗಿ ಕೊರೆಯಬೇಕಾಗಬಹುದು. ಅಣ್ಣನ ನೆಕ್ ಅನ್ನು ಬಟ್ಟೆಯಲ್ಲಿ ಸುತ್ತಿ, ಸ್ಕ್ರೂಗಳ ಸಮೇತ ಬೆಚ್ಚನೆಯ ಒಣ ಜಾಗದಲ್ಲಿ ಇಡಿ. ಗೋಡೆಗೆ ಒರಗಿಸಿ ಇಡಬೇಡಿ, ಬಾಗುತ್ತದೆ.

ಅಣ್ಣ ನಿಜವಾಗಿಯೂ ನಿಮಗೇ ಕೊಟ್ಟಿದ್ದು ಎಂದರೆ ಗುಡಿಗಾರ ಮಾವನ ಬಳಿ ಹೋಗಿ, ಈ ಸಲ ಪಕ್ಕದಲ್ಲಿ ಕೂತು ಕೆಲಸ ಮಾಡಿಸಿ. ಕಂದು ಪಟ್ಟಿಯ ಎರಡೂ ಬದಿ ಸೇರಿ ಒಂದು ಬೆರಳಗಲ ಟೇಪ್ ಅಂಟಿಸಿ, ಅದರೊಳಗೆ ಅರ ಬರಬಾರದು ಎಂದು ಹೇಳಿ. ಉಳಿ ಬೇಡ, ಅರೆದುಂಡು ಅರ, ಆಮೇಲೆ ಉದ್ದ ಪಟ್ಟಿಯಾಗಿ ಹರಿದ ಸ್ಯಾಂಡ್ ಪೇಪರ್. ಮೊದಲ ಫ್ರೆಟ್‌ನಿಂದ ಹತ್ತರವರೆಗೆ ಸಾಕು, ತಲೆ ಸೇರುವ ಕಡೆಯೂ ಬುಡದ ಕಡೆಯೂ ಮರ ಹಾಗೇ ಇರಲಿ. ನಡುನಡುವೆ ನಿಲ್ಲಿಸಿ ನಿಮ್ಮ ಕೈಯಿಂದ ಹಿಡಿದು ನೋಡುತ್ತಿರಿ. ಇನ್ನು ಸ್ವಲ್ಪ ಬೇಕು ಅನ್ನಿಸುವಾಗಲೇ ನಿಲ್ಲಿಸಿ, ತಂತಿ ಹಾಕಿ ಒಂದು ವಾರ ನುಡಿಸಿ ನೋಡಿ. ಕೆತ್ತಿದ ಜಾಗಕ್ಕೆ ಮತ್ತೆ ವಾರ್ನಿಷ್ ಅಥವಾ ಎಣ್ಣೆ ಕಡ್ಡಾಯ.

ಯಾವುದೇ ದಾರಿ ಹಿಡಿದರೂ ಗಣೇಶನ ಕಾರ್ಯಕ್ರಮಗಳು ಮುಗಿಯುವವರೆಗೆ ತಂತಿ, ನಟ್, ಸ್ಯಾಂಡ್ ಪೇಪರ್, ಇಷ್ಟರಲ್ಲೇ ಇರಿ. ಹೊಸ ನೆಕ್ ಬಂದರೂ ಹಬ್ಬದ ವಾರ ಜೋಡಿಸಬೇಡಿ. ಅದು ಸಾಗರದ ತೇವಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕು, ಅಷ್ಟರಲ್ಲಿ ರಾಡ್ ಅನ್ನು ಮತ್ತೆ ತಿರುಗಿಸಬೇಕಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ತಿರುಗದಿದ್ದರೆ ಬಲ ಹಾಕದೆ ರಿಪೇರಿಯವರಿಗೆ ಒಯ್ಯಿರಿ.